ಭುಜಕ್ಕೆ ಭುಜ ತಾಗಿಸಿದ ಜೋಳ

ಎರೆಹೊಲಕ್ಕೂ ಹೈಸ್ಕೂಲು ಮೈದಾನಕ್ಕೂ ನಿಯಮ ಒಂದೇ ಎಂದು ನಾನು ಪ್ರಾಮಾಣಿಕವಾಗಿ ನಂಬಿದ್ದೆ. ನೌಕರಿಯುದ್ದಕ್ಕೂ ಡ್ರಿಲ್ ಮಾಸ್ತರನಾಗಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿದವನಿಗೆ ಜೋಳವನ್ನು ನಿಲ್ಲಿಸುವುದೇನು ಮಹಾ? ನಿವೃತ್ತಿಯಾದ ವರ್ಷವೇ ನವಲಗುಂದದ ಹತ್ತಿರದ ನಮ್ಮ ಹೊಲದ ಆಡಳಿತವನ್ನು ಹೆಂಡತಿ ಶಾಂತವ್ವನಿಂದ ವಿಧಿವತ್ತಾಗಿ ವಹಿಸಿಕೊಂಡೆ. ಅವಳು ಹಣೆ ಹಣೆ ಬಡಿದುಕೊಂಡಳು. ಅದನ್ನು ನಾನು ಅಭಿನಂದನೆ ಎಂದೇ ಸ್ವೀಕರಿಸಿದೆ.

ನನ್ನ ಹುರುಪಿಗೆ ಕಾರಣವಿತ್ತು. ಮಗಳ ಮದುವೆ ಆಗಷ್ಟೇ ಮುಗಿದಿತ್ತು. ಬೀಗರು ಬಮ್ಮಿಗಟ್ಟಿಯವರು, ಭತ್ತ ಬೆಳೆಯುವ ಜನ. ಹಾಲುಗಾಳಿನ ಜೋಳದ ತೆನೆಯನ್ನು ಹೊಲದಲ್ಲೇ ಸಗಣಿ ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಡಿದು, ಬಿಸಿಬಿಸಿ ಕಾಳನ್ನು ಶೇಂಗಾ ಚಟ್ನಿ ಹಚ್ಚಿ ತಿನ್ನುವ ಸೀತನಿಯ ರುಚಿ ಅವರಿಗೆ ಗೊತ್ತಿರಲಿಲ್ಲ. "ಥಂಡಿ ದಿವಸಕ್ಕ ಬರ್ರಿ, ನಮ್ಮ ಹೊಲದ ಸೀತನಿ ತಿನ್ನಸ್ತೀನಿ" ಎಂದು ಮದುವೆಯ ಪಂಕ್ತಿಯಲ್ಲೇ ಘೋಷಿಸಿಬಿಟ್ಟಿದ್ದೆ. ಈಗ ಮಗಳ ತವರಿನ ಮರ್ಯಾದೆ ಆ ತೆನೆಗಳ ಮೇಲೆ ನಿಂತಿತ್ತು.

ನಮ್ಮ ಕಡೆ ಹಿಂಗಾರಿ ಜೋಳ ಬಿತ್ತಿದ ಮೇಲೆ ಮಳೆ ಅಷ್ಟಕ್ಕಷ್ಟೆ. ನೆಲದೊಳಗಿನ ಹಸಿಯನ್ನೇ ನಂಬಿ ಬೆಳೆ ಬರಬೇಕು. ಬಾಜೂ ಹೊಲದ ಫಕೀರಣ್ಣ ತನ್ನ ಎತ್ತು, ಕೂರಿಗೆ ತಂದು ಬಿತ್ತಿಕೊಟ್ಟ. ಸಾಲುಗಳ ನಡುವೆ ಅವನು ಬಿಟ್ಟ ಜಾಗ ನೋಡಿ ನನ್ನ ಹೊಟ್ಟೆ ಉರಿಯಿತು.

"ನಡುವ ಇನ್ನೊಂದೊಂದು ಸಾಲು ಹಾಕೋ ಫಕೀರಣ್ಣ."

"ಬ್ಯಾಡ್ರಿ ಸರ, ಭಾಳ ದಟ್ಟ ಆಕ್ಕೈತಿ."

"ಆಗ್ಲಿ. ದಟ್ಟ ಬೆಳಿ ಅಂದ್ರ ದಟ್ಟ ನೆರಳು. ನೆಲಕ್ಕ ಬಿಸಿಲ ತಾಗಲಿಲ್ಲಂದ್ರ ಹಸಿ ಆರೂದು ಹೆಂಗ?"

ಬುತ್ತಿ ತಂದಿದ್ದ ಶಾಂತವ್ವ ಬದುವಿನ ಮೇಲಿಂದಲೇ ಕೇಳಿದಳು, "ಬಿಸಿಲಷ್ಟ ಕುಡಿತೈತೇನ್ರಿ ಹಸಿನ? ಅಷ್ಟೂ ಬೆಳಿಗೆ ನೀರಡಿಕಿ ಆಗೂದಿಲ್ಲೇನು?"

"ನಿನಗ ವಿಜ್ಞಾನ ತಿಳಿಯೂದಿಲ್ಲ."

"ನಿಮಗ ಜ್ವಾಳ ತಿಳಿಯೂದಿಲ್ಲ" ಎಂದು ಅವಳು ರೊಟ್ಟಿ ಬಿಚ್ಚಿದಳು.

ಮೊದಮೊದಲು ಜಯ ನನ್ನದೇ. ಪೈರು ಎಷ್ಟು ದಟ್ಟವಾಗಿ ಎದ್ದಿತೆಂದರೆ ಮಣ್ಣೇ ಕಾಣದು. ಹುಬ್ಬಳ್ಳಿ ಬಸ್ಸಿನ ಜನ ಕಿಟಕಿಯಿಂದ ಕತ್ತು ಹೊರಹಾಕಿ ನೋಡುತ್ತಿದ್ದರು. ನಾನು ಬೆಳೆಯ ನಡುವೆ ನಿಂತು ಫೋಟೋ ತೆಗೆಸಿಕೊಂಡು ಬೀಗರಿಗೆ ಕಳಿಸಿದೆ. ಎಲ್ಲರನ್ನೂ ಕರೆತರಬೇಕೆಂದು ಫೋನಿನಲ್ಲಿ ಆಗ್ರಹವನ್ನೂ ಮಾಡಿದೆ.

ಆಮೇಲೆ ಎಡೆ ಹೊಡೆಯುವ ಕಾಲ ಬಂತು. ಸಾಲುಗಳ ನಡುವೆ ಕುಂಟೆ ಓಡಿಸಿ ಮೇಲ್ಮಣ್ಣು ಸಡಿಲಿಸಿದರೆ ಬಿರುಕು ಮುಚ್ಚಿ ಹಸಿ ಒಳಗೇ ಉಳಿಯುತ್ತದೆ. ಫಕೀರಣ್ಣ ಎತ್ತು ತಂದು ಹೊಲದ ಅಂಚಿನಲ್ಲಿ ನಿಂತ. ಎತ್ತುಗಳೂ ನಿಂತವು. ಕುಂಟೆ ಹೋಗಲು ಜಾಗವೆಲ್ಲಿ? ಮೂವರೂ ನನ್ನ ಮುಖ ನೋಡಿ ವಾಪಸು ಹೋದರು.

ಹಿಂದೆಯೇ ನೆಲ ಬಾಯಿ ಬಿಟ್ಟಿತು. ಹಿಡಿ ಮಣ್ಣು ಹಿಸುಕಿದೆ, ಉಂಡೆಯಾಗದೆ ಬೆರಳ ಸಂದಿಯಲ್ಲಿ ಉದುರಿತು. ನನ್ನ ಪೈರು ಇದ್ದ ಹಸಿಯನ್ನೆಲ್ಲ ಪೈಪೋಟಿಯ ಮೇಲೆ ಕುಡಿದು ಮುಗಿಸಿತ್ತು. ಅದೇ ಮಳೆ ಉಂಡ ಫಕೀರಣ್ಣನ ವಿರಳ ಬೆಳೆಯಲ್ಲಿ ಮುಷ್ಟಿ ಗಾತ್ರದ ತೆನೆ. ನನ್ನದರಲ್ಲಿ ಕಿರುಬೆರಳ ಗಾತ್ರದ್ದು, ಅದೂ ಹುಡುಕಿದರೆ. ನನಗೆ ನಿಜಕ್ಕೂ ಅಳು ಬಂತು. ಬೀಗರಿಗೆ ಬರಬೇಡಿ ಎನ್ನಲು ಫೋನು ಮಾಡಿದೆ. ಅವರು ಟೆಂಪೋ ಗೊತ್ತು ಮಾಡಿ ಆಗಿತ್ತು.

ಬಂದರು. ಇಳಿದ ಕೂಡಲೇ ಬೀಗತಿಯ ಚಪ್ಪಲಿ ನಮ್ಮ ಹೊಲದ ಬಿರುಕಿನಲ್ಲಿ ಬಿತ್ತು. ನಾನು ಮೊಳಕೈಮಟ ಕೈ ಹಾಕಿ, ಬೋರಲು ಮಲಗಿ, ಅದನ್ನು ಎತ್ತಿಕೊಡುವ ಮೂಲಕ ಸ್ವಾಗತ ಸಮಾರಂಭ ನೆರವೇರಿಸಿದೆ.

ಶಾಂತವ್ವ ಮುಂಚೆಯೇ ಫಕೀರಣ್ಣನ ಹೊಲದಿಂದ ತೆನೆ ಮುರಿಸಿಟ್ಟಿದ್ದಳು. ಕುಳ್ಳು ಹೊತ್ತಿತು, ಘಮ ಎದ್ದಿತು. ಬೀಗರು ಬೊಗಸೆಗಟ್ಟಲೆ ಸೀತನಿ ಮುಕ್ಕುತ್ತ, "ಆಹಾ, ನಿಮ್ಮ ಹೊಲದ್ದಾ?" ಎಂದರು. ನಾನು ಕೆಂಡ ಊದುವ ನೆಪದಲ್ಲಿ ಮುಖ ಬಗ್ಗಿಸಿದೆ.

"ಬಾಜೂ ಹೊಲದ್ದರಿ" ಎಂದಳು ಶಾಂತವ್ವ. "ನಮ್ಮದು ಈ ಸಲ ಮೇವಿಗೆ ಬಿತ್ತೀವ್ರಿ."

"ಮತ್ತ! ಮೇವಿಗೆ ಹಿಂಗ ದಟ್ಟ ಬಿತ್ತಬೇಕು. ಬೀಗ್ರು ಶಾಣ್ಯಾ ಅದಾರ" ಎಂದು ಬೀಗರು ತಲೆದೂಗಿದರು.

ಹೋದ ಜೀವ ಬಂತು. ಬಂದ ಜೀವ ಸುಮ್ಮನಿರಬೇಕಲ್ಲ! ಮೇವಿನ ಬೇಸಾಯದ ಬಗ್ಗೆ, ದೂರದೃಷ್ಟಿಯ ಬಗ್ಗೆ, ಎರೆಮಣ್ಣಿನಲ್ಲಿ ನಾನು ನಡೆಸಿದ ಪ್ರಯೋಗದ ಬಗ್ಗೆ ದೀರ್ಘ ಉಪನ್ಯಾಸ ಕೊಟ್ಟೆ. ಬೀಗರು ಭಕ್ತಿಯಿಂದ ಕೇಳಿ, ಕೊನೆಗೆ ಸುತ್ತಲೂ ನೋಡಿದರು.

"ಅಂದಂಗ, ಇಷ್ಟ ಮೇವು ತಿನ್ನಾಕ ನಿಮ್ಮಲ್ಲಿ ದನ ಎಷ್ಟ ಅದಾವ್ರಿ?"

ನಮ್ಮಲ್ಲಿ ಒಂದು ಕರುವೂ ಇಲ್ಲ. ನಾನು ಶಾಂತವ್ವನ ಮುಖ ನೋಡಿದೆ. ಅವಳು ಕೆಂಡ ಕೆದಕುತ್ತ ಶಾಂತವಾಗಿ ಹೇಳಿದಳು, "ಒಂದ ಐತ್ರಿ. ನಿಮ್ಮ ಬಾಜೂಕ ಕುಂತೈತಿ ನೋಡ್ರಿ."

ಟೆಂಪೋ ಡ್ರೈವರನೂ ನಕ್ಕ. ನಾನು ಮಾತ್ರ ತಲೆ ತಗ್ಗಿಸಿ, ಬಾಯಲ್ಲಿದ್ದದ್ದನ್ನು ಮೆಲುಕು ಹಾಕುತ್ತ ಕುಳಿತೆ.