ನಿರಪರಾಧಿ ನರಗಳು

ಹೆಂಡತಿಯ ತಲೆ ಕೆಡುತ್ತಿದೆ ಎಂದು ಬಾಯಿಬಿಟ್ಟು ಹೇಳುವ ಗಂಡ ಊಟದ ಆಸೆಯನ್ನೂ ಬಿಡಬೇಕಾಗುತ್ತದೆ. ಆದ್ದರಿಂದ ತಕ್ಕಡಿ ಇನ್‌ಸ್ಪೆಕ್ಟರು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡರು. ಅಂಗಡಿಗಳ ತಕ್ಕಡಿ ಪರೀಕ್ಷಿಸಿ ಮುದ್ರೆ ಒತ್ತುವುದು ಅವರ ಉದ್ಯೋಗ. ಅಂದಾಜು ಎಂಬುದು ಅವರ ಜಾಯಮಾನದಲ್ಲೇ ಇಲ್ಲ.

'ಸೋಮವಾರ: ಗೇಟಿನ ತನಕ ಬಂದು, ಗ್ಯಾಸ್ ಒಲೆ ನೋಡಲು ವಾಪಸ್ಸು. ಮಂಗಳವಾರ: ಎರಡು ಸಲ. ಬುಧವಾರ: ಬಸ್‌ಸ್ಟಾಪಿನಿಂದ.'

ಇಪ್ಪತ್ತೆರಡು ವರ್ಷ ತಿರುಗಿಯೂ ನೋಡದೆ ಹೊಲಿಗೆ ಶಾಲೆಗೆ ಹೊರಡುತ್ತಿದ್ದವಳು! ಕಚೇರಿಯ ವೇಳೆ ಬದಲಾಗಿ ಇಬ್ಬರೂ ಒಟ್ಟಿಗೆ ಹೊರಡುವಂತಾದ ಈ ಒಂದು ತಿಂಗಳಲ್ಲೇ ಹೀಗೆ.

ಇನ್‌ಸ್ಪೆಕ್ಟರು ದಪ್ಪ ನಿಘಂಟು ಇಳಿಸಿ, ಕಂಡದ್ದನ್ನು ನೋಟ್‌ಬುಕ್ಕಿನಲ್ಲಿ ಹೆಂಡತಿಯ ಹೆಸರಿನ ಕೆಳಗೆ ನಕಲು ಮಾಡಿಕೊಂಡರು. 'ನ್ಯೂರೋಸಿಸ್: ಅತಿಯಾದ ಆತಂಕ ಮುಂತಾದ ಮನೋವ್ಯಥೆ. ಗ್ರೀಕಿನಲ್ಲಿ ನ್ಯೂರಾನ್ ಎಂದರೆ ನರ, ಓಸಿಸ್ ಎಂದರೆ ರೋಗಸ್ಥಿತಿ.' ನರಗಳಂತೆ! (ತಕ್ಕಡಿಯಾಗಿದ್ದರೆ ಮುಳ್ಳು ಬದಲಾಯಿಸಬಹುದಿತ್ತು.)

ಶುಕ್ರವಾರ ಧೈರ್ಯ ಮಾಡಿದರು. "ಒಂದ್ಸಲ ಡಾಕ್ಟ್ರ ಹತ್ರ ಹೋಗಿಬರೋಣ."

"ಯಾಕೆ, ನಿಮಗೇನಾಯ್ತು?"

"ನನಗಲ್ಲ... ಸುಮ್ನೆ, ಜೊತೆಗೆ."

"ನಡೀರಿ. ನಿಮ್ಮ ವಿಷಯ ನಾನೂ ಯಾರಿಗಾದ್ರೂ ಹೇಳ್ಬೇಕು ಅಂತಿದ್ದೆ."

ಮನೋವೈದ್ಯೆ ನೋಟ್‌ಬುಕ್ಕನ್ನು ಮೊದಲಿನಿಂದ ಕೊನೆಯವರೆಗೆ ಓದಿದರು. ಗ್ರೀಕಿನ ತನಕ ಬಂದಾಗ ಕನ್ನಡಕ ಏರಿಸಿದರು.

"ಈ ಹೆಸರು ಹಳೇದು ಸ್ವಾಮಿ, ನಾವೀಗ ಬರೆಯೋದೇ ಕಮ್ಮಿ. ಹಿಂದಿನವರು ನರಗಳ ಮೇಲೆ ತಪ್ಪು ಹೊರಿಸಿ ಹೆಸರಿಟ್ರು. ಆಮೇಲೆ ಹುಡುಕಿದ್ರೆ ನರಗಳಲ್ಲಿ ಏನೂ ಕಾಣ್ಲಿಲ್ಲ. ಪಾಪ, ಹೆಸರು ಮಾತ್ರ ಅವುಗಳ ತಲೆಮೇಲೇ ಉಳೀತು." ಹೆಂಡತಿಯ ಕಡೆ ತಿರುಗಿದರು. "ನೀವ್ಯಾಕಮ್ಮ ವಾಪಸ್ ಹೋಗ್ತೀರಿ?"

"ಇನ್ನೇನ್ಮಾಡ್ಲಿ? ನಾನು ಒಲೆ ಆರಿಸಿ ಚಪ್ಪಲಿ ಹಾಕ್ಕೊಳ್ಳೋಷ್ಟರಲ್ಲಿ ಇವರು ಒಳಗೆ ಹೋಗಿ, ಸರಿಯಾಗಿ ಆರಿದ್ಯಾ ಅಂತ ನೋಡೋಕೆ ನಾಬು ಮತ್ತೆ ತೆಗೀತಾರೆ, ಮುಚ್ತಾರೆ. ಮೂರು ಸಲ! ಮೂರನೇ ಸಲ ಅವಸರದಲ್ಲಿ ಅರ್ಧಕ್ಕೇ ಬಿಡ್ತಾರೆ. ಸೋಮವಾರ ಅಡುಗೆಮನೆ ತುಂಬ ಗ್ಯಾಸ್ ವಾಸನೆ."

ಇನ್‌ಸ್ಪೆಕ್ಟರ ಮುಖ ಬಿಳುಚಿತು. "ಅದು... ಭಾರ ಇಟ್ಟು ತೆಗೆದು, ಮುಳ್ಳು ಸೊನ್ನೆಗೆ ಬಂತಾ ಅಂತ ಮೂರು ಸಲ ನೋಡೋದು ನಮ್ಮ ಇಲಾಖೆ ನಿಯಮ... ನನಗ್ಯಾಕೆ ಹೇಳ್ಲಿಲ್ಲ ನೀನು?"

"ಹೇಳಿದ್ರೆ ದಿನವಿಡೀ ಆಫೀಸಲ್ಲಿ ಕೂತು ಬೆವರ್ತೀರಿ. ನಾನೇ ಹೋಗಿ ಮುಚ್ಚಿಬರೋದು ಸುಲಭ."

ವೈದ್ಯೆ ನೋಟ್‌ಬುಕ್ ಹಿಂದಿರುಗಿಸಿದರು. "ಲೆಕ್ಕ ಚೆನ್ನಾಗಿದೆ. ಮೇಲಿರೋ ರೋಗಿಯ ಹೆಸರೊಂದು ತಿದ್ದಿಕೊಳ್ಳಿ, ಮುಂದಿನ ವಾರ ನೀವು ಬನ್ನಿ."

ಮೆಟ್ಟಿಲು ಅರ್ಧ ಇಳಿದಿದ್ದರು. ಇನ್‌ಸ್ಪೆಕ್ಟರು ನಿಂತರು.

"ನೀನು ಇಳೀತಿರು. ಮುಂದಿನ ವಾರದ ಚೀಟಿಯಲ್ಲಿ ಡಾಕ್ಟ್ರು ಯಾರ ಹೆಸರು ಬರ್ಕೊಂಡ್ರೋ, ಒಂದೇ ಒಂದ್ಸಲ ನೋಡಿ ಬಂದ್ಬಿಡ್ತೀನಿ."

ಹೆಂಡತಿ ಅವರ ಕಂಕುಳಿನಿಂದ ನೋಟ್‌ಬುಕ್ ಎಳೆದುಕೊಂಡು, ಪೆನ್ಸಿಲ್ ತೆಗೆದು, ಅಲ್ಲೇ ಗೋಡೆಗೊತ್ತಿ ಬರೆದಳು:

'ಶುಕ್ರವಾರ: ಮೆಟ್ಟಿಲಿನಿಂದ ವಾಪಸ್ಸು. ಮೊದಲ ಸಲ.'