ಪಾತ್ರೆಯ ತಳಕ್ಕೊಂದು ಕೆಂಪು ಚುಕ್ಕೆ

ಸಂಶಯ ಒಳ್ಳೆಯದಲ್ಲ ಎಂದು ಬುದ್ಧಿ ಹೇಳುವವರನ್ನು ಬಹಳ ಮಂದಿ ನೋಡಿದ್ದೇನೆ. ಅವರೆಲ್ಲ ಬಿಟ್ಟಿಯಾಗಿ ಸಂಶಯಪಡುವವರು. ಗಂಡ ತಡವಾಗಿ ಬಂದರೆ, ಹಾಲು ತೆಳ್ಳಗಾದರೆ, ನಾದಿನಿ ಅಗತ್ಯಕ್ಕಿಂತ ಹೆಚ್ಚು ನಕ್ಕರೆ ಒಂದಿಷ್ಟು ಸಂಶಯಪಟ್ಟು, ಆಮೇಲೆ ‘ಛೇ’ ಎಂದು ಮರೆತುಬಿಡುತ್ತಾರೆ. ನನ್ನ ಸ್ಥಿತಿ ಹಾಗಲ್ಲ. ಸಂಶಯಪಡುವುದಕ್ಕೆಂದೇ ನನಗೆ ಸಂಬಳ ಬರುತ್ತಿತ್ತು. ಬೆಳಿಗ್ಗೆಯಿಂದ ಸಂಜೆಯವರೆಗೆ ಆಫೀಸಿನಲ್ಲಿ ಕೂತು ಸಂಶಯಪಟ್ಟು, ಹೊರಡುವಾಗ ಅದನ್ನು ಮೇಜಿನ ಖಾನೆಯೊಳಗೆ ಹಾಕಿ ಬೀಗ ಜಡಿದು ಮನೆಗೆ ಬರಬೇಕು. ಆದರೆ ಮೀನು ಮುಟ್ಟಿದ ಕೈಯ ವಾಸನೆ ಒಂದು ಸಾಬೂನಿಗೆ ಹೋಗುತ್ತದೆಯೇ? ಸಂಶಯವೂ ಅಷ್ಟೆ, ನನ್ನ ಜೊತೆಗೇ ಬಸ್ಸು ಹತ್ತಿ ಕಡಲ ಬದಿಯ ಕೋಡಿ ಊರಿನ ನಮ್ಮ ಮನೆಯವರೆಗೂ ಬರುತ್ತಿತ್ತು.

ಆಫೀಸು ಎಂದರೆ ದೊಡ್ಡದೇನಲ್ಲ. ಕುಂದಾಪುರ ಪೇಟೆಯ ಒಂದು ಔಷಧಿ ಅಂಗಡಿಯ ಮೇಲಿನ ಮಹಡಿ. ನಾನು, ಕೆರಾಡಿಯಿಂದ ಬರುವ ರಾಘು ಎಂಬ ಹುಡುಗ, ನಮ್ಮಿಬ್ಬರನ್ನೂ ನಂಬಿ ಕೆಟ್ಟ ಯಜಮಾನರು. ಲಾಡ್ಜು, ಹೋಟೆಲುಗಳಲ್ಲಿ ತಂತಿಯಿಲ್ಲದೆ ಇಂಟರ್‌ನೆಟ್ ಕೊಡುವ ಪೆಟ್ಟಿಗೆಯೊಂದಕ್ಕೆ ನಾವು ಡ್ರೈವರ್ ಬರೆಯುತ್ತಿದ್ದೆವು. ಗಾಳಿಯಲ್ಲಿ ಬಂದ ಮಾಹಿತಿಯನ್ನು ಹಿಡಿದು ಕಂಪ್ಯೂಟರಿನ ಕೈಗೆ ಒಪ್ಪಿಸುವ ಪ್ರೋಗ್ರಾಮಿಗೆ ಹಾಗೆನ್ನುತ್ತಾರೆ. ಹಿಡಿದದ್ದನ್ನು ಇಡಲು ಜಾಗ ಬೇಕಲ್ಲ? ಅದಕ್ಕೆ ಮೆಮೊರಿಯಲ್ಲಿ ಒಂದು ತುಂಡು ಜಾಗವನ್ನು ಎರವಲು ಪಡೆಯಬೇಕು, ಕೆಲಸ ಮುಗಿದ ಮೇಲೆ ವಾಪಸು ಕೊಡಬೇಕು. ವಾಪಸು ಬಂದ ಜಾಗವನ್ನು ಮರುಕ್ಷಣವೇ ಇನ್ನೊಬ್ಬರಿಗೆ ಕೊಡಲಾಗುತ್ತದೆ. “ನಮ್ ಬದಿಯಗೆ ಪಾತ್ರ ಕೊಡೂದ್, ತಕಂಬುದ್ ಇತ್ತಲೆ ಅಕ್ಕ, ಹಾಂಗೆಯೇ” ಎಂದು ಮೊದಲ ದಿನವೇ ರಾಘು ಹೇಳಿದ್ದ. ಅಂದಿನಿಂದ ನಮ್ಮಿಬ್ಬರ ನಡುವೆ ಮೆಮೊರಿಗೆ ಪಾತ್ರೆ ಎಂದೇ ಹೆಸರು.

ಪೆಟ್ಟಿಗೆ ಬೆಳಿಗ್ಗೆ ಚೆನ್ನಾಗಿಯೇ ಓಡುತ್ತಿತ್ತು. ಇನ್ನೇನು ಸರಿಯಾಯಿತು ಎಂದು ನಾವು ಚಹಾ ತರಿಸಿದರೆ ಸಾಕು, ಗಕ್ಕನೆ ನಿಂತುಬಿಡುತ್ತಿತ್ತು. ಎಲ್ಲಿ ನಿಂತಿತು ಎಂದು ನೋಡಿದರೆ ಒಮ್ಮೆ ಗಡಿಯಾರದ ಲೆಕ್ಕದಲ್ಲಿ, ಇನ್ನೊಮ್ಮೆ ಫೈಲು ಓದುವಲ್ಲಿ, ಮತ್ತೊಮ್ಮೆ ಯಾರ ತಂಟೆಗೂ ಹೋಗದೆ ತೂಕಡಿಸುತ್ತಿದ್ದ ಒಂದು ಮೂಲೆಯಲ್ಲಿ. ಈ ರೋಗದ ಲಕ್ಷಣವೇ ಅದು. ಯಾರೋ ಒಬ್ಬ ತನ್ನದಲ್ಲದ ಪಾತ್ರೆಯಲ್ಲಿ ಏನನ್ನೋ ಸುರಿದು ಹೋಗಿರುತ್ತಾನೆ. ಪಾತ್ರೆಯ ಈಗಿನ ಒಡೆಯ ಅದನ್ನು ನಂಬಿ ಉಂಡು ಬೀಳುತ್ತಾನೆ. ಹೆಣ ಬಿದ್ದ ಜಾಗದಲ್ಲಿ ಕೊಲೆಗಾರ ಇರುವುದಿಲ್ಲ, ಅವನು ಆಗಲೇ ಬೈಂದೂರು ದಾಟಿರುತ್ತಾನೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ ನಾನು ಗಡಿಯಾರದ ಭಾಗವನ್ನು ತಿದ್ದಿದೆ, ಫೈಲಿನ ಭಾಗವನ್ನು ಬೈದೆ. ಏನೂ ಆಗಲಿಲ್ಲ.

ಆಮೇಲೆ ಶುರುವಾಯಿತು ನೋಡಿ ನನ್ನ ಸಂಶಯ. ಪೆಟ್ಟಿಗೆಯೊಳಗಿನ ಕಾರ್ಡು ಮಾಡಿದ ಪರದೇಶದವರ ಮೇಲೆ ಸಂಶಯ. ಕೆಳಗಿನ ಅಂಗಡಿಯ ಫ್ರಿಜ್ಜು ಶುರುವಾದಾಗ ಕರೆಂಟು ಕುಗ್ಗುತ್ತದೆಯಲ್ಲ, ಅದರ ಮೇಲೆ ಸಂಶಯ. ರಾಘುವಿನ ಭಾಗವನ್ನು ಓದಿ ನೋಡಿದೆ, ತಪ್ಪೇ ಕಾಣಲಿಲ್ಲ. ಇಷ್ಟು ಚೊಕ್ಕವಾಗಿ ಬರೆದಿದ್ದಾನೆಂದರೆ ಏನನ್ನೋ ಮುಚ್ಚಿಡುತ್ತಿದ್ದಾನೆ ಎಂದು ಅವನ ಮೇಲಿನ ಸಂಶಯ ಇನ್ನೂ ಬಲವಾಯಿತು. ಯಜಮಾನರು ಕುಂಭಾಶಿಗೆ ಹೋಗಿ ಆನೆಗುಡ್ಡೆ ಗಣಪತಿಗೆ ಕಾಯಿ ಒಡೆಸಿಕೊಂಡು ಬಂದರು. ಆ ದಿನ ಪೆಟ್ಟಿಗೆ ಸಂಜೆಯವರೆಗೆ ನಿಲ್ಲದೆ ಓಡಿತು, ಯಜಮಾನರು ಪ್ರಸಾದ ಹಂಚಿ ಮುಗಿಸುವಷ್ಟರಲ್ಲಿ ಸತ್ತಿತು. ಗಣಪತಿಯನ್ನೇ ಸಂಶಯಿಸುವಷ್ಟು ನಾನು ಕೆಟ್ಟಿರಲಿಲ್ಲ, ತೆಂಗಿನಕಾಯಿಯನ್ನು ಸಂಶಯಿಸಿದೆ.

ಕೊನೆಗೆ ಹಿಡಿದ ಉಪಾಯ ಗುರುತು ಹಾಕುವುದು. ವಾಪಸು ಬಂದ ಪ್ರತಿಯೊಂದು ಮೆಮೊರಿ ತುಂಡಿನ ಉದ್ದಕ್ಕೂ ನಮ್ಮದೇ ಒಂದು ಗುರುತನ್ನು ಬರೆದಿಡುವುದು, ಇನ್ನೊಬ್ಬರಿಗೆ ಕೊಡುವ ಮೊದಲು ಅದು ಹಾಗೇ ಇದೆಯೇ ಎಂದು ನೋಡುವುದು. ಅಳಿಸಿದ್ದರೆ, ವಾಪಸು ಕೊಟ್ಟ ಪಾತ್ರೆಗೆ ಯಾರೋ ಕೈ ಹಾಕಿದ್ದಾರೆ ಎಂದರ್ಥ. ಇದು ಒಳ್ಳೆಯ ಉಪಾಯ. ಎಷ್ಟು ಒಳ್ಳೆಯದೆಂದರೆ ಅದನ್ನು ಆಫೀಸಿನಲ್ಲೇ ಬಿಟ್ಟು ಬರಲು ನನಗೆ ಮನಸ್ಸಾಗಲಿಲ್ಲ.

ಏಕೆಂದರೆ ಮನೆಯಲ್ಲೂ ಅದೇ ರೋಗ ಇತ್ತು. ನಮ್ಮತ್ತೆ ಮೀನು ಮಾರುವವರು. ಅವರೂ ಪಕ್ಕದ ಮನೆಯ ಗಿರಿಜಕ್ಕನೂ ಮದುವೆಯಾಗಿ ಈ ಬೀದಿಗೆ ಬಂದಂದಿನಿಂದ ಜೋಡಿ. ಒಂದೇ ರಿಕ್ಷಾದಲ್ಲಿ ಬುಟ್ಟಿ ಇಟ್ಟುಕೊಂಡು ಪೇಟೆಗೆ ಹೋಗುವುದು, ಮಾರ್ಕೆಟ್ಟಿನಲ್ಲಿ ಅಕ್ಕಪಕ್ಕ ಕೂರುವುದು, ಗಿರಾಕಿ ಚೌಕಾಸಿ ಮಾಡಿದರೆ ಇಬ್ಬರೂ ಸೇರಿ ಬಾಯಿ ಮುಚ್ಚಿಸುವುದು. ಸಂಜೆಯಾದರೆ ಎರಡು ಮನೆಗಳ ನಡುವೆ ಪಾತ್ರೆಗಳ ಓಡಾಟ. ಇಲ್ಲಿಂದ ಬಂಗಡೆ ಸಾರು ಹೋದರೆ, ಆ ಪಾತ್ರೆ ಬರಿದಾಗಿ ವಾಪಸು ಬರುವಂತಿಲ್ಲ. ಒಂದು ಹಿಡಿ ಹುರುಳಿಯಾದರೂ ಸರಿ, ಒಂದು ಉಂಡೆ ಬೆಲ್ಲವಾದರೂ ಸರಿ, ಏನಾದರೂ ಹಾಕಿಯೇ ಕೊಡಬೇಕು. ಹಾಗೆ ಬಂದದ್ದನ್ನು ಅತ್ತೆ ಕಣ್ಣಿಗೆ ಬಿದ್ದ ಡಬ್ಬಿಗೆ ಸುರಿದು ಮಾರ್ಕೆಟ್ಟಿಗೆ ಹೋಗಿಬಿಡುತ್ತಿದ್ದರು. ಒಂದು ಬೆಳಿಗ್ಗೆ ನಾನು ಕಾಫಿ ಎಂದು ಮಾಡಿ ಕುಡಿದದ್ದು ಹುರಿದ ಹುರುಳಿಯ ಪುಡಿ. ಕಾಫಿ ಡಬ್ಬಿಗೆ ಹುರುಳಿ ಹೇಗೆ ಬಂತು ಎಂದು ಕೇಳಿದರೆ ಅತ್ತೆ, “ಡಬ್ಬಿ ಖಾಲಿ ಇತ್ತಲೆ ಹೆಣ್ಣೇ, ಅದ್ಕ್ ಹಾಕ್ದೆ” ಎಂದರು. ಖಾಲಿ ಇರಲಿಲ್ಲ, ತಳದಲ್ಲಿ ನನ್ನ ಎರಡು ದಿನದ ಕಾಫಿ ಪುಡಿ ಇತ್ತು.

ಬೇರೆ ಯಾರಾದರೂ ಆಗಿದ್ದರೆ ಡಬ್ಬಿಗೆ ಚೀಟಿ ಅಂಟಿಸುತ್ತಿದ್ದರು. ನಾನು ಡ್ರೈವರ್ ಬರೆಯುವವಳಲ್ಲವೇ? ಯಾವ ಪಾತ್ರೆ ಎಲ್ಲಿಗೆ ಹೋಗುತ್ತದೆ, ಏನನ್ನು ಹೊತ್ತು ಯಾವಾಗ ಬರುತ್ತದೆ ಎಂದು ಬುಡದಿಂದ ಪತ್ತೆ ಹಚ್ಚಬೇಕು ಅನ್ನಿಸಿತು. ಒಂದು ಭಾನುವಾರ, ಅತ್ತೆ ಮಾರ್ಕೆಟ್ಟಿಗೆ ಹೋದದ್ದೇ ತಡ, ಅಡುಗೆಮನೆಯ ಪಾತ್ರೆಗಳನ್ನೆಲ್ಲ ಬೋರಲು ಹಾಕಿ ಒಂದೊಂದರ ತಳಕ್ಕೂ ಉಗುರುಬಣ್ಣದಿಂದ ಕೆಂಪು ಚುಕ್ಕೆ ಇಟ್ಟೆ. ನಮ್ಮನೆಯವರು ಬಾಗಿಲಲ್ಲಿ ನಿಂತು ನೋಡಿ, “ನಿಂಗೆ ಆಫೀಸಲ್ಲ್ ಕೆಲ್ಸ ಜಾಸ್ತಿ ಆಯ್ತ್ ಕಾಣತ್ತ್” ಎಂದು ಹೇಳಿ ಬಲೆ ಒಣಗಿಸಲು ಹೋದರು. ಅವರಿಗೂ ಇದರಲ್ಲಿ ಕೈವಾಡ ಇರಬಹುದೇ ಎಂದು ನಾನು ಸ್ವಲ್ಪ ಹೊತ್ತು ಯೋಚಿಸಿದೆ.

ಚುಕ್ಕೆಯ ಪಾತ್ರೆ ಸಂಜೆಯೇ ಗಿರಿಜಕ್ಕನ ಮನೆಗೆ ಹೋಯಿತು. ಮರುದಿನ ಅದು ವಾಪಸು ಬಂದಾಗ ಅತ್ತೆ ಮುಚ್ಚಳ ತೆಗೆದರು. ಒಳಗೆ ಏನೂ ಇರಲಿಲ್ಲ. ತೊಳೆದು, ಬಟ್ಟೆಯಿಂದ ಒರೆಸಿ, ಫಳಫಳ ಹೊಳೆಯುವಂತೆ ಮಾಡಿ ಕಳಿಸಿದ್ದರು. ಅತ್ತೆ ಪಾತ್ರೆಯನ್ನು ತಿರುಗಿಸಿ ತಳ ನೋಡಿದರು. ಆಮೇಲೆ ನನ್ನನ್ನು ನೋಡಿದರು.

“ಇದೆಂತ ಹೆಣ್ಣೇ?”

“ಗುರ್ತಿಗೆ ಅತ್ತೆ. ಬದಲಾಗ್ಬಾರ್ದಲ್ಲ ಅಂತ.”

“ಗಿರಿಜ ನಮ್ಮ ಪಾತ್ರ ಕದೀತ್ಲ್ ಅಂದ್ಹೇಳಿ ಗುರ್ತಾ?”

ಹಾಗಲ್ಲ, ಇದು ಒಂದು ವಿಧಾನ, ದೊಡ್ಡ ದೊಡ್ಡ ಕಂಪೆನಿಗಳಲ್ಲೂ ಹೀಗೇ ಮಾಡುತ್ತಾರೆ ಎಂದು ವಿವರಿಸಲು ಹೋದೆ. ವಿವರಿಸಿದಷ್ಟೂ ನಾನು ಕಳ್ಳರನ್ನೇ ಹುಡುಕುತ್ತಿದ್ದೆ ಎಂಬುದು ಗಟ್ಟಿಯಾಗುತ್ತ ಹೋಯಿತು. ಅತ್ತೆ ಪಾತ್ರೆಯನ್ನು ಬೋರಲು ಹಾಕಿ ಹಿತ್ತಿಲಿಗೆ ಹೋದರು. ಅವರು ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು, ಏಕೆಂದರೆ ಬೈಯುವ ಅತ್ತೆ ನನಗೆ ಅಭ್ಯಾಸ. ಅದರ ಮರುದಿನ ಬೆಳಿಗ್ಗೆ ಗಿರಿಜಕ್ಕ ಬೇರೆ ರಿಕ್ಷಾದಲ್ಲಿ ಹೋದರು. ಮಾರ್ಕೆಟ್ಟಿನಲ್ಲಿ ಬುಟ್ಟಿಯನ್ನು ಬಾಗಿಲ ಹತ್ತಿರಕ್ಕೆ ಬದಲಾಯಿಸಿಕೊಂಡರು ಎಂದು ಅತ್ತೆ ಗೋಡೆಗೆ ಹೇಳಿದ್ದು ನನಗೆ ಕೇಳಿಸಿತು. ಅವತ್ತು ಅತ್ತೆ ಅರ್ಧ ಊಟಕ್ಕೇ ಎದ್ದರು. ಅಷ್ಟು ವರ್ಷದ ಗೆಳೆತನಕ್ಕೆ ನಾನು ಒಂದು ಚುಕ್ಕೆಯಿಂದ ಬೆಂಕಿ ಇಟ್ಟೆನಲ್ಲ ಎಂದು ನನಗೆ ನಿಜವಾಗಿಯೂ ಹೆದರಿಕೆಯಾಯಿತು. ಈ ಮನೆಗೆ ಬಂದ ಹೊಸತರಲ್ಲಿ ನನಗೆ ಮೀನು ಹೆಚ್ಚಲು ಕಲಿಸಿದವರೂ ಆ ಗಿರಿಜಕ್ಕನೇ.

ಆಫೀಸಿಗೆ ಹೋದರೆ, ಅಲ್ಲಿಯ ಗುರುತು ಮಾತ್ರ ಚೆನ್ನಾಗಿ ಕೆಲಸ ಮಾಡುತ್ತಿತ್ತು. ವಾಪಸು ಕೊಟ್ಟ ತುಂಡುಗಳಲ್ಲಿ ಒಂದು ಕಡೆ ಮಾತ್ರ ಗುರುತು ಅಳಿಸಿ, ಆ ಜಾಗದಲ್ಲಿ ಒಂದು ಸಣ್ಣ ಸಂಖ್ಯೆ ಕೂತಿರುತ್ತಿತ್ತು. ಅದು ಪ್ರತಿಸಲ ತುಸು ಹೆಚ್ಚು, ತುಸು ಕಡಿಮೆ. ಎಲ್ಲೋ ನೋಡಿದ ಮುಖದ ಹಾಗೆ ಕಂಡಿತೇ ಹೊರತು ಯಾರದ್ದೆಂದು ಹೊಳೆಯಲಿಲ್ಲ. ಬೇಸರಕ್ಕೆ ಪೆಟ್ಟಿಗೆಯನ್ನು ಎತ್ತಿ ಉಕ್ಕಿನ ಕಪಾಟಿನ ಹಿಂದೆ ಇಟ್ಟೆ. ಸಂಖ್ಯೆ ದಬಕ್ಕನೆ ಇಳಿಯಿತು. ಕಿಟಕಿಗೆ ತಂದೆ, ಏರಿತು. ಮತ್ತೆ ಕಪಾಟಿನ ಹಿಂದೆ, ಇಳಿಯಿತು. ಗಾಳಿಯಲ್ಲಿ ಬರುವ ಸಿಗ್ನಲ್ಲಿನ ಬಲ ಅದು! ಅದನ್ನು ಅಳೆದು ಬರೆಯುವ ಸಾಲು ಇಡೀ ಡ್ರೈವರಿನಲ್ಲಿ ಒಂದೇ ಒಂದು. ಹೋಗಿ ನೋಡಿದರೆ, ನಾನು ಚೊಕ್ಕವಾಗಿದೆ ಎಂದು ಸಂಶಯಪಟ್ಟಿದ್ದ ರಾಘುವಿನ ಭಾಗದಲ್ಲಿ, ಪಾತ್ರೆಯನ್ನು ವಾಪಸು ಕೊಡುವ ಸಾಲಿನ ಕೆಳಗೆ, ಏನೂ ಅರಿಯದ ಕೂಸಿನಂತೆ ಕೂತಿತ್ತು. ಕಣ್ಣೆದುರಿಗೇ ಇದ್ದದ್ದು ನನಗೆ ಕಂಡಿರಲಿಲ್ಲ.

“ಎಂತ ಮಾರಾಯ ಇದು? ವಾಪಸ್ ಕೊಟ್ಟ ಮೇಲೆ ಅದ್ರೊಳಗೆ ಬರೀತಿಯಲ್ಲ?” ಎಂದು ಗದರಿದೆ.

ರಾಘು ಸ್ಕ್ರೀನಿಗೆ ಮೂಗು ತಾಗುವಷ್ಟು ಬಗ್ಗಿ ನೋಡಿದ. “ಹೌದಲೆ ಅಕ್ಕ! ಕೊಟ್ಟ್ ಆದ್ಮೇಲೆ ನೆನ್ಪಾಯ್ತ್, ಸಿಗ್ನಲ್ ಹಾಕಲಿಲ್ಲೆ ಅಂದ್ಹೇಳಿ. ಬರಿದ್ ಕೊಡುಕಾತ್ತಾ? ಹಿಂದಿಂದ್ ಓಡಿ ಹೋಯಿ ಹಾಕಿದ್ದೆ” ಎಂದು ಹಲ್ಲು ಕಿರಿದ.

ಅವನ ಅಮ್ಮನೂ ಹಾಗೆ ಮಾಡುವವರೇ ಇರಬೇಕು. ಪಾತ್ರೆ ಕೊಟ್ಟು ಕಳಿಸಿದ ಮೇಲೆ, ಅಯ್ಯೋ ಬರಿದು ಹೋಯಿತಲ್ಲ ಎಂದು ಅಂಗಳದವರೆಗೆ ಓಡಿ ಬಂದು ಎರಡು ಬಾಳೆಕಾಯಿ ಹಾಕುವವರು. ಕೆರಾಡಿಯಲ್ಲಿ ಅದು ಮರ್ಯಾದೆ. ಆದರೆ ಕಂಪ್ಯೂಟರಿನಲ್ಲಿ ಅಷ್ಟರೊಳಗೆ ಆ ಪಾತ್ರೆ ಇನ್ನೊಬ್ಬನ ಒಲೆಯ ಮೇಲೆ ಇರುತ್ತದೆ, ಅವನ ಪಾಯಸಕ್ಕೆ ಬಾಳೆಕಾಯಿ ಬೀಳುತ್ತದೆ. ಸಾಲನ್ನು ಎತ್ತಿ ಮೇಲಿಟ್ಟೆ. ಪೆಟ್ಟಿಗೆ ಆಮೇಲೆ ನಿಲ್ಲಲಿಲ್ಲ. ರಾಘುವಿಗೆ ಇನ್ನಷ್ಟು ಬೈಯುವ ಹಕ್ಕು ನನಗಿರಲಿಲ್ಲ. ಅವನು ಮನೆಯ ನಿಯಮವನ್ನು ಮೆಮೊರಿಗೆ ಹಾಕಿದ್ದ, ನಾನು ಮೆಮೊರಿಯ ನಿಯಮವನ್ನು ಮನೆಗೆ ಹಾಕಿದ್ದೆ. ಅವನ ತಪ್ಪಿಗೆ ಸತ್ತದ್ದು ಒಂದು ಪೆಟ್ಟಿಗೆ ಮಾತ್ರ.

ಸಂಜೆ ಮನೆಗೆ ಬಂದವಳೇ ಸೀಮೆಎಣ್ಣೆ ಹಾಕಿ ಪಾತ್ರೆಗಳ ತಳ ತಿಕ್ಕಿದೆ. ಅತ್ತೆ ಮಾಡಿಟ್ಟಿದ್ದ ಬಂಗಡೆ ಸಾರನ್ನು ಒಂದು ಪಾತ್ರೆಗೆ ಹಾಕಿಕೊಂಡು, “ಬನ್ನಿ ಅತ್ತೆ, ಇಬ್ರೂ ಹೋಗುವ” ಎಂದು ಕರೆದೆ.

“ನಾನ್ ಬತ್ತಿಲ್ಲೆ. ಚುಕ್ಕಿ ಇಟ್ಟವ್ಳ್ ನೀನ್, ಹೋಪುದೂ ನೀನೇ” ಎಂದರು. ಆದರೆ ನಾನು ಅಂಗಳ ದಾಟುವವರೆಗೂ ಅವರು ಬಾಗಿಲಲ್ಲೇ ನಿಂತಿದ್ದರು.

ಗಿರಿಜಕ್ಕ ಜಗಲಿಯಲ್ಲಿ ಕೂತಿದ್ದರು. ಬಾ ಎನ್ನಲಿಲ್ಲ, ಹೋಗು ಎನ್ನಲೂ ಇಲ್ಲ. ತಪ್ಪಾಯಿತು ಎಂದೆ. ಅವರು ಒಳಗೆ ಹೋಗಿ ತಮ್ಮದೊಂದು ಪಾತ್ರೆ ತಂದರು. ನನ್ನ ಕೈಯಿಂದ ಸಾರು ತೆಗೆದುಕೊಂಡು, ಪೂರ್ತಿ ತಮ್ಮ ಪಾತ್ರೆಗೆ ಬಗ್ಗಿಸಿ, ನನ್ನ ಪಾತ್ರೆಯನ್ನು ಅಲ್ಲೇ ನನ್ನ ಕೈಗೆ ಕೊಟ್ಟರು.

“ತಕಣಿ. ನಿಮ್ಮ ಪಾತ್ರ ನಮ್ಮನ್ಯಗ್ ಉಳೂದೇ ಬ್ಯಾಡ.”

ಡ್ರೈವರ್ ಬರೆಯುವವಳಾಗಿ ಹೇಳುತ್ತೇನೆ, ಅದಕ್ಕಿಂತ ಸರಿಯಾದ ಕ್ರಮ ಇಲ್ಲ. ಬಂದದ್ದನ್ನು ತನ್ನ ಜಾಗಕ್ಕೆ ನಕಲು ಮಾಡಿಕೊಂಡು ಎರವಲನ್ನು ತಕ್ಷಣ ವಾಪಸು ಮಾಡಿಬಿಟ್ಟರೆ ಯಾವ ಗೊಂದಲವೂ ಇಲ್ಲ, ಯಾರ ಮೇಲೆ ಯಾರೂ ಸಂಶಯಪಡಬೇಕಾಗಿಲ್ಲ. ಆ ಸರಿಯಾದ ಕ್ರಮವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಾಗ ನನಗೆ ಅಳು ಬಂತು. ಗಿರಿಜಕ್ಕ ಅದನ್ನು ನೋಡಿದರೋ ಏನೋ, ಪಾತ್ರೆಯನ್ನು ನನ್ನ ಕೈಯಿಂದ ಕಿತ್ತುಕೊಂಡು ತಳ ತಿರುಗಿಸಿದರು.

“ಚುಕ್ಕಿ ಎಲ್ ಹೋಯ್ತ್?”

“ಸೀಮೆಎಣ್ಣೆ ಹಾಕಿ ತಿಕ್ಕಿದೆ ಗಿರಿಜಕ್ಕ.”

ಅವರು ತಟ್ಟನೆ ಸಾರಿನ ಪಾತ್ರೆ ಎತ್ತಿ ಮೂಗಿನ ಹತ್ತಿರ ಹಿಡಿದು ಮೂಸಿದರು. ಇನ್ನೊಮ್ಮೆ ಮೂಸಿದರು. ಆಮೇಲೆ, “ಸಾರಲ್ಲ್ ಸೀಮೆಎಣ್ಣಿ ಇಲ್ಲೆ ಅಲ್ದಾ ಮರಾಯ್ತಿ?” ಎಂದು ಕೇಳಿ, ತಾವೇ ನಕ್ಕುಬಿಟ್ಟರು. ನಾನೂ ಅಳುತ್ತಲೇ ನಕ್ಕೆ. ಪಾತ್ರೆ ಅವರ ಜೊತೆ ಒಳಗೆ ಹೋಯಿತು, ಬರುವಾಗ ಅದರಲ್ಲಿ ಚಟ್ಲಿ ಚಟ್ನಿ ಇತ್ತು, ಒಣ ಸೀಗಡಿಯದ್ದು. “ನಿನ್ ಅತ್ತೆಗೆ ಹೇಳ್, ನಾಳಿಗೆ ರಿಕ್ಷಾ ಬಂದ್ರೆ ಕೂಗುಕೆ” ಎಂದರು.

ನಾನು ಹಾರಿಕೊಂಡೇ ಹೊರಟೆ. ಆದರೆ ಅರ್ಧ ದಾರಿಯಲ್ಲಿ ಕಾಲು ತನ್ನಷ್ಟಕ್ಕೆ ನಿಧಾನವಾಯಿತು. ಗಿರಿಜಕ್ಕ ಇಷ್ಟು ಬೇಗ ರಾಜಿಯಾದರೇ? ಅಷ್ಟು ಕೋಪ ಒಂದೇ ನಗೆಯಲ್ಲಿ ಹೋಯಿತೇ? ಒಳಗೆ ಹೋಗಿ ಅಷ್ಟು ಹೊತ್ತು ಏನು ಮಾಡುತ್ತಿದ್ದರು? ಚಟ್ನಿ ಯಾಕೋ ಮಾಮೂಲಿಗಿಂತ ಕೆಂಪಾಗಿದೆಯಲ್ಲ? ತೆಂಗಿನಮರದ ಮರೆಗೆ ನಿಂತು ಆಚೀಚೆ ನೋಡಿ ಮುಚ್ಚಳ ತೆಗೆದೆ. ಬಗ್ಗಿ ಪರೀಕ್ಷಿಸಿದೆ. ಚಟ್ನಿ ಚಟ್ನಿಯ ಹಾಗೆಯೇ ಇತ್ತು.

ಅತ್ತೆ ಇನ್ನೂ ಬಾಗಿಲಲ್ಲೇ ಇದ್ದರು. ಪಾತ್ರೆ ತೆಗೆದುಕೊಂಡು, ಅದರ ಭಾರ ಕೈಗೆ ಗೊತ್ತಾದದ್ದೇ ಅವರ ಮುಖ ಅರಳಿತು. ರಿಕ್ಷಾದ ವಿಷಯ ಹೇಳಿದೆ. ಸೆರಗಿನಿಂದ ಕಣ್ಣು ಒರೆಸಿಕೊಂಡರು. ಆಮೇಲೆ ನನ್ನ ಮುಖವನ್ನೇ ನೋಡುತ್ತ ಕೇಳಿದರು:

“ದಾರಿಯಗೆ ಮುಚ್ಚಳ ತೆಗ್ದ್ ಮೂಸಿ ಕಂಡ್ಯಾ?”

“ಇಲ್ಲಪ್ಪ! ನಾನ್ಯಾಕೆ ಮೂಸಲಿ?” ಎಂದೆ.

ಅತ್ತೆ ಹತ್ತಿರ ಬಂದರು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು, ನನ್ನ ಮೂಗಿನ ತುದಿಯಲ್ಲಿದ್ದ ಚಟ್ನಿಯನ್ನು ಒರೆಸಿದರು.