ಒಳ್ಳೆಯ ಮಗನ ಕೆಟ್ಟ ಹೆಸರು

ಅಮ್ಮನಿಗೆ ಕೋಣೆ ಕೇಳುವ ಅರ್ಜಿಯ ಒಂದೇ ಒಂದು ಪ್ರಶ್ನೆಗೆ ಇಸ್ತ್ರಿಯವನು ನಿಜ ಬರೆದಿದ್ದ. ಎಡವಟ್ಟಾದದ್ದು ಅಲ್ಲೇ. 'ನೋಡಿಕೊಳ್ಳುವ ಮಗ ಜೊತೆಯಲ್ಲಿದ್ದಾನೆಯೇ?' ಎಂದು ಕೇಳಿದ್ದಲ್ಲಿ 'ಇದ್ದಾನೆ' ಎಂದು ದುಂಡಗೆ ಬರೆದು, ಕೆಳಗೆ ಗೆರೆ ಬೇರೆ ಎಳೆದಿದ್ದ.

"ಅಯ್ಯೋ ಹಸುವೇ!" ಪಕ್ಕದ ಮನೆಯ ಟೈಲರಕ್ಕ ಹಣೆ ಚಚ್ಚಿಕೊಂಡಳು. "ನೋಡ್ಕೊಳ್ಳೋ ಮಗ ಇದ್ರೆ ನಿಮ್ಮಮ್ಮಂಗೆ ಯಾಕೋ ಕೊಡ್ತಾರೆ ರೂಮು? ಆ ವೃದ್ಧರ ವಸತಿ ಮೇಡಂ ಇವತ್ತೇ ವಿಚಾರಣೆಗೆ ಬರ್ತಿದಾರೆ!"

ಅವರಿದ್ದದ್ದು ನಾಲ್ಕನೆಯ ಮಹಡಿ. ಅಮ್ಮನ ಮಂಡಿಗಳು ಮೊದಲನೆಯದಕ್ಕೇ ಕೈಮುಗಿದಿದ್ದವು. ಆಸ್ಪತ್ರೆಗೆಂದರೆ ಮಗ ಬೆನ್ನ ಮೇಲೆ ಹೊತ್ತು ಇಳಿಸಬೇಕು. ನೆಲಮಹಡಿಯ ಮನೆಗಳ ಬಾಡಿಗೆ ಕೇಳಿದರೆ ಇಸ್ತ್ರಿಪೆಟ್ಟಿಗೆಯೂ ತಣ್ಣಗಾಗುತ್ತಿತ್ತು. ಸರ್ಕಾರದ ವೃದ್ಧರ ವಸತಿಯಲ್ಲಿ ಅಗ್ಗದ ಕೋಣೆ ಉಳಿದಿದ್ದದ್ದು ಒಂದೇ, ಅದೂ ನೆಲಮಹಡಿಯಲ್ಲಿ.

"ನೀನು ಬಾಯಿಗೆ ಬೀಗ ಹಾಕ್ಕೊಂಡು ಕೂತ್ಕೋ," ಎಂದರು ಕೆಳಮನೆಯ ನಿವೃತ್ತ ಕಂಡಕ್ಟರು. "ಮಿಕ್ಕಿದ್ದು ನಮಗೆ ಬಿಡು."

ಮೇಡಂ ಏದುಸಿರು ಬಿಡುತ್ತಾ ಮೇಲೆ ಬಂದರು. "ಮಗ ನೋಡ್ಕೊಳ್ತಾನಾ?"

"ಕನ್ನಡೀಲಿ ಮುಖ ನೋಡ್ಕೊಳ್ತಾನೆ ಮೇಡಂ, ಅಮ್ಮನ್ನಲ್ಲ," ಎಂದಳು ಟೈಲರಕ್ಕ.

ಕಂಡಕ್ಟರು ಟಿಕೆಟ್ ಹರಿದಂತೆ ಪಟಪಟನೆ ಹೇಳಿದರು: "ಕುಡೀತಾನೆ. ಇಸ್ಪೀಟಾಡ್ತಾನೆ. ಹೋದ ವಾರ ಅಮ್ಮನ ಹಾಸಿಗೇನೇ ಮಾರಿಬಿಟ್ಟ!"

ಕೆಮ್ಮಿನ ಔಷಧಿಗೂ ಮುಖ ಕಿವುಚುವ ಇಸ್ತ್ರಿಯವನು ತಾನು ಕುಳಿತಿದ್ದ ಅದೇ ಹಾಸಿಗೆಯಿಂದ ಮೆಲ್ಲನೆ ಎದ್ದು ಅದನ್ನು ಕಾಲಿನಿಂದ ಮೇಜಿನಡಿಗೆ ತಳ್ಳಿದ.

ಅಮ್ಮನಿಗೆ ಮೊದಲು ಸಂಕಟವಾಯಿತು. ಆಮೇಲೆ ಮೆಟ್ಟಿಲುಗಳು ನೆನಪಾದವು. "ಅಷ್ಟೇ ಅಲ್ಲ ಮೇಡಂ," ಎಂದಳು, "ಮೆಟ್ಟಿಲ ಮೇಲಿಂದ ನೂಕ್ತೀನಿ ಅಂತಾನೆ!"

ಹೆತ್ತ ತಾಯಿಯ ಬಾಯಲ್ಲಿ ಇದನ್ನು ಕೇಳಿ ಮಗ ನಿಜವಾಗಿಯೇ ಬಿಕ್ಕಿ ಬಿಕ್ಕಿ ಅತ್ತ.

"ಸಾಕು ಮೊಸಳೆ ಕಣ್ಣೀರು!" ಮೇಡಂ ಗದರಿ, ಅರ್ಜಿಯ ಮೇಲೆ ದಪ್ಪನೆ ಮೊಹರು ಒತ್ತಿದರು. "ಇವತ್ತೇ ಹೋಗಿ ಸೇರ್ಕೊಳ್ಳಿ ಅಮ್ಮ."

ಸಂಜೆ ಮೆರವಣಿಗೆಯೇ ಹೊರಟಿತು. ಮುಂದೆ ಸೀಟಿ ಊದುತ್ತಾ ಕಂಡಕ್ಟರು, ಹಿಂದೆ ಪಾತ್ರೆಗಳ ಮೂಟೆ ಹೊತ್ತ ಟೈಲರಕ್ಕ, ನಡುವೆ ಮಗನ ಬೆನ್ನ ಮೇಲೆ ಗೆದ್ದ ಸೇನಾಪತಿಯಂತೆ ಅಮ್ಮ.

ಗೇಟಿನಲ್ಲಿ ಕಾವಲುಗಾರ ಕೈ ಅಡ್ಡ ಹಿಡಿದ. "ನೀನೇನಾ ಮಗ? ಅಮ್ಮನ್ನ ಇಳಿಸಿ ಅಲ್ಲೇ ನಿಂತ್ಕೋ. ಮೇಡಂ ಫೋನ್ ಮಾಡಿದಾರೆ. ನಿನ್ನೊಬ್ಬನ್ನ ಬಿಟ್ಟು ಯಾರು ಬೇಕಾದ್ರೂ ಒಳಗೆ ಬರಬಹುದು!"

ಸುಳ್ಳು ಹೇಳಿದವರೆಲ್ಲ ಒಳಗೆ ಹೋಗಿ ಹೊಸ ಕೋಣೆಯಲ್ಲಿ ಚಹಾ ಕುಡಿದರು. ಸತ್ಯ ಬರೆದವನು ರಸ್ತೆಯಲ್ಲಿ, ಯಾರೂ ಒಯ್ಯಲು ಬಾರದ ಇಸ್ತ್ರಿ ಬಟ್ಟೆಯಂತೆ, ನೆಟ್ಟಗೆ ನಿಂತಿದ್ದ.

ರಸ್ತೆ ಕಡೆಯ ಕಿಟಕಿ ತೆರೆಯಿತು. ಯಾರ ಹೆಗಲನ್ನೂ ಹಿಡಿಯದೆ ಅಮ್ಮ ತಾನೇ ನಡೆದುಬಂದಿದ್ದಳು. ಮುಖ ಹೊಳೆಯುತ್ತಿತ್ತು.

"ಎಲೋ ಪಾಪಿ! ಇನ್ನೊಂದ್ಸಲ ಈ ಕಡೆ ತಲೆ ಹಾಕಿದ್ರೆ ಜೋಕೆ!" ಎಂದು ಕಾವಲುಗಾರನಿಗೆ ಕೇಳುವಂತೆ ಕೂಗಿದಳು. ಆಮೇಲೆ ಸರಳುಗಳ ನಡುವೆ ಮುಖವಿಟ್ಟು ಪಿಸುಗುಟ್ಟಿದಳು:

"ನಾಳೇನೂ ಇದೇ ಹೊತ್ತಿಗೆ ಬಾ ಮಗಾ. ಬೈತೀನಿ."